ಅಂಬುಜಾಕ್ಷಮ್ಮನ ಹಲಗೆ

"ಈ ಸಲ ಬ್ರಹ್ಮನೇ ಬಂದು ಕೇಳಿದರೂ ಸರಿ, ದೋಣಿಯ ಮುಂದಿನ ಹಲಗೆ ನಿಂದೇ ಕಣೇ!" ಎಂದು ಬದರೀನಾರಾಯಣಾಚಾರ್ಯರು ಎದೆ ತಟ್ಟಿಕೊಂಡು ಹೆಂಡತಿಗೆ ಮಾತು ಕೊಟ್ಟಿದ್ದರು. ಕರ್ನಾಟಕದ ಯಾತ್ರಿಕರಿಗೆ ಪಿಂಡ, ತರ್ಪಣ ಮಾಡಿಸುತ್ತ ಕಾಶಿಯಲ್ಲಿ ಮೂವತ್ತೆರಡು ವರ್ಷ ಸವೆಸಿದ ಮನೆ ಅದು. ಆದರೂ ದೇವ ದೀಪಾವಳಿಯ ಸಂಜೆ ಘಾಟ್‌ಗಳ ಲಕ್ಷ ದೀಪಗಳನ್ನು ಅಂಬುಜಾಕ್ಷಮ್ಮ ನೀರಿನ ಮೇಲಿಂದ ಒಮ್ಮೆಯೂ ಕಂಡಿರಲಿಲ್ಲ. ಪ್ರತಿವರ್ಷ ಆ ಹೊತ್ತಿಗೆ ಅವರ ಮುಂದೆ ಯಾತ್ರಿಕರ ಸಾರು ಕುದಿಯುತ್ತಿತ್ತು.

ಆಚಾರ್ಯರು ಹರಿದ ನಿಘಂಟು ಹಿಡಿದು ತಾವೇ ಇಂಗ್ಲಿಷ್ ಕಲಿತವರು. ಅಡ್ಜಸ್ಟ್ ಎಂದರೆ ತಿರುಪು ತಿರುಗಿಸಿ ಅಳತೆಗೆ ತರುವುದು ಎಂದು ಬಲ್ಲವರು. ಅವರ ಬಾಯಲ್ಲಿ ಮಾತ್ರ ಅದು ಇಬ್ಬರ ಚಾಪೆಯಲ್ಲಿ ಐವರನ್ನು ಮಲಗಿಸುವ ಮಹಾಮಂತ್ರ!

ಅಸ್ಸಿ ಘಾಟ್‌ನಲ್ಲಿ ಅಂಬುಜಾಕ್ಷಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಹಲಗೆಯ ಮೇಲೆ ಮಹಾರಾಣಿಯಂತೆ ಕುಳಿತರು. ದಾವಣಗೆರೆಯ ಎಂಟು ಯಾತ್ರಿಕರೂ ಹತ್ತಿದರು. ಅಷ್ಟರಲ್ಲಿ ಅವರಲ್ಲೊಬ್ಬ ಮೆಟ್ಟಿಲ ಕಡೆ ಕೈ ತೋರಿಸಿ ಕೂಗಿದ: "ಆಚಾರ್ರೇ, ನಮ್ಮತ್ತೆ, ಚಿಕ್ಕಪ್ಪ ಉಳ್ಕೊಂಡ್ರು!"

"ಬರ್ಲಿ, ಬರ್ಲಿ! ಅಂಬೂ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಆಕೆ ಹಿಂದಿನ ಹಲಗೆಗೆ ಸರಿದರು. ಆಮೇಲೆ ಮೊಣಕಾಲು ನೋವಿನ ಅಜ್ಜಿಯೊಬ್ಬರು ಬಂದರು. ಮತ್ತೆ ಅಡ್ಜಸ್ಟ್! ಆಕೆ ಹಗ್ಗದ ಸುರುಳಿಯ ಮೇಲೆ ಕುಳಿತರು.

"ಇನ್ನು ಗಂಗೆಯೊಳಗೇ ಕೂರ್ಲೇನ್ರೀ?"

"ಪಂಡಿತ್‌ಜೀ, ನೈಯಾ ಡೂಬ್ ಜಾಯೇಗೀ!" ದೋಣಿ ಮುಳುಗುತ್ತದೆಂದು ಅಂಬಿಗ ಕಿರುಚಿದ. ಒಬ್ಬರು ಇಳಿಯದೆ ದೋಣಿ ಕದಲುವುದಿಲ್ಲವೆಂದ. ಯಾತ್ರಿಕರೆಲ್ಲ ಆಕಾಶ ನೋಡಿದರು. ಆಚಾರ್ಯರು ಹೆಂಡತಿಯನ್ನು ನೋಡಿದರು. ನೋಡಿದ್ದೇ ಸಾಕಾಯಿತು.

ಅಂಬುಜಾಕ್ಷಮ್ಮ ನೆರಿಗೆ ಎತ್ತಿಕೊಂಡು ಇಳಿದರು.

ದಡದುದ್ದಕ್ಕೂ ದೀಪಗಳು ಜಗಜಗಿಸುತ್ತಿದ್ದವು. ಘಾಟ್‌ಗಳ ಮಹಿಮೆ ಕೊಂಡಾಡಬೇಕಿದ್ದ ಆಚಾರ್ಯರು ಅಸ್ಸಿಯ ಕಡೆಗೇ ತಿರುತಿರುಗಿ ನೋಡುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ! ತಾನೇ ಇಳಿಯಬಹುದಿತ್ತಲ್ಲ ಎಂದು ಹೊಳೆದದ್ದು ಹರಿಶ್ಚಂದ್ರ ಘಾಟ್ ದಾಟಿದ ಮೇಲೆ. ಬುದ್ಧಿ ಯಾವತ್ತೂ ಹಿಂದಿನ ದೋಣಿಯಲ್ಲೇ ಬರುತ್ತದೆ.

ಅಸ್ಸಿಗೆ ಮರಳಿದಾಗ ಮೆಟ್ಟಿಲ ಮೇಲೆ ಹೆಂಡತಿಯಿಲ್ಲ. ಗಾಬರಿಯಿಂದ ಅತ್ತಿತ್ತ ಹುಡುಕಿದರು. ನೋಡಿದರೆ, ಪಕ್ಕದಲ್ಲೇ ಕನ್ನಡ ಮಠದ ದೋಣಿ ಹೊರಟಿತ್ತು. ಮಠದ ಅಡುಗೆಯ ಕಮಲಾದೇವಿಯ ಜೊತೆ, ಎಲ್ಲರಿಗಿಂತ ಮುಂದೆ, ಕಡಲೆಕಾಯಿ ಸುಲಿಯುತ್ತ ಅಂಬುಜಾಕ್ಷಮ್ಮ!

"ಅಂಬೂ, ತಪ್ಪಾಯ್ತು ಕಣೇ! ಅಲ್ಲಿ ಜಾಗ ಇದ್ಯಾ? ನಾನೂ ಬರ್ತೀನಿ!"

"ಜಾಗ ಬೇಕಾದಷ್ಟಿದೆ ರೀ," ಎಂದರು ಆಕೆ. "ಆದ್ರೆ ನಿಮ್ಮನ್ನ ಹತ್ತಿಸ್ಕೊಂಡ್ರೆ ನನ್ನ ಜಾಗ ಹೋಗುತ್ತೆ!"