ಖುದ್ದು ಹಾಜರಾಗತಕ್ಕದ್ದು

ಬಿಳಿಗೆರೆಯ ಪುರಸಭೆ ವಾಚನಾಲಯದ ಕಂಪ್ಯೂಟರ್ ಕೋಣೆಯಲ್ಲಿ ಜವರಪ್ಪ ನಾಲ್ಕು ಬಟ್ಟಲಿನ ಸ್ಟೀಲ್ ಟಿಫಿನ್ ಕ್ಯಾರಿಯರೊಂದನ್ನು ಮೇಜಿನ ಮೇಲಿಟ್ಟು, ಅದಕ್ಕೆ ಹೊದಿಸಿದ್ದ ಟವಲನ್ನು ಜಾದೂಗಾರನ ಗತ್ತಿನಲ್ಲಿ ಎಳೆದರು. ಆ ಗತ್ತನ್ನು ನೋಡುವುದಕ್ಕೆ ಅಲ್ಲಿದ್ದವರು ನಂಜುಂಡಾರಾಧ್ಯರು ಒಬ್ಬರೇ. ಅವರ ಮೂಗಿಗೆ ಮೊದಲು ಬಡಿದದ್ದು ನಿನ್ನೆಯ ಹುಳಿಯ ವಾಸನೆ.

"ಇದೇ ಮನವಿಯಂತ್ರ. ಪ್ರಪಂಚದಲ್ಲೇ ಮೊದಲನೇದು, ಆರಾಧ್ಯರೇ," ಎಂದರು ಜವರಪ್ಪ.

"ತೊಳೆದು ತರೋಕಾಗಲಿಲ್ವೇನ್ರೀ?"

ಜವರಪ್ಪ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಹುಡುಗರಿಗೆ ಕಬ್ಬಿಣ ಉಜ್ಜುವುದನ್ನು ಕಲಿಸಿ ನಿವೃತ್ತರಾದವರು. ಆಮೇಲೆ ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಊರಿಗೇ ಕ್ಷೇಮವಿತ್ತು. ಕೂರಲಿಲ್ಲ. ದೋಸೆಯನ್ನು ತಾನೇ ಮಗುಚಿ ಹಾಕುವ ಕಾವಲಿ ಮಾಡಿದರು. ಮೊದಲನೆಯ ದೋಸೆ ಇವತ್ತಿಗೂ ಅವರ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ. ಈಗ ಈ ಕ್ಯಾರಿಯರು. ಅದರ ಮೇಲಿನ ಬಟ್ಟಲಲ್ಲಿ ಜವರಪ್ಪನವರ ಸ್ವಂತ ಮೊಬೈಲಿನ ಕರುಳು, ಎರಡನೆಯದರಲ್ಲಿ ಕೇಳುವ ಕಿವಿ ಮತ್ತು ಮಾತಾಡುವ ಬಾಯಿ, ಮೂರನೆಯದರಲ್ಲಿ ಬುದ್ಧಿ. ನಾಲ್ಕನೆಯದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, ಮಧ್ಯಾಹ್ನಕ್ಕೆ ಚಿತ್ರಾನ್ನ ಎಂದರು.

ಆರಾಧ್ಯರು ನಗುವ ಸ್ಥಿತಿಯಲ್ಲಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಹನ್ನೊಂದು ಹತ್ತರಿಂದ ಹನ್ನೊಂದು ನಲವತ್ತರೊಳಗೆ ಹಾಸನದ ಛತ್ರವೊಂದರಲ್ಲಿ ಅವರ ಒಬ್ಬಳೇ ಮಗಳು ಮಂದಾಕಿನಿಯ ಮದುವೆ. ಧಾರೆ ಎರೆಯಬೇಕಾದ ಅಪ್ಪ ಇಲ್ಲಿ ಬಿಳಿಗೆರೆಯಲ್ಲಿ, ಹುಳಿಯ ವಾಸನೆಯ ಎದುರು ಕೂತಿದ್ದರು.

ಅದಕ್ಕೆ ಕಾರಣ ಅವರದೇ ಕೆಂಪು ಪೆನ್ನು. ಆರಾಧ್ಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅವರ ಮೇಜಿಗೆ ಬಂದ ಒಂದು ಅರ್ಜಿಯೂ ಮೊದಲ ಸಲಕ್ಕೇ ಪಾಸಾದ ಉದಾಹರಣೆಯಿಲ್ಲ. ಯಾರಿಂದಲೂ ಒಂದು ಲೋಟ ಕಾಫಿ ಕುಡಿದವರಲ್ಲ. ಕಾಗದ ಸರಿಯಿರಬೇಕು, ಅಷ್ಟೇ ಅವರ ಹಟ. ಸರಿಯಿಲ್ಲದಿದ್ದರೆ ಅಂಚಿನಲ್ಲಿ ಆಕ್ಷೇಪಣೆ ಬರೆದು ಹಿಂದಕ್ಕೆ. ಬರೆದ ಆಕ್ಷೇಪಣೆಗಳನ್ನೆಲ್ಲ ನಕಲು ಮಾಡಿಟ್ಟ ಪುಸ್ತಕಗಳೇ ಅವರ ಮನೆಯಲ್ಲಿ ಹದಿನಾರಿದ್ದವು.

ಎರಡು ವರ್ಷದ ಹಿಂದೆ ಮಂದಾಕಿನಿ ಹಾಸನದಿಂದ ನಾಲ್ಕು ಪುಟದ ಕಾಗದ ಬರೆದಿದ್ದಳು. ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಅದೇ ಶಾಲೆಯ ಮೇಷ್ಟ್ರೊಬ್ಬರನ್ನು ಮೆಚ್ಚಿದ್ದೇನೆ, ನೀವು ಒಪ್ಪಬೇಕಪ್ಪ ಎಂದು ಕೇಳಿದ್ದಳು. ಆರಾಧ್ಯರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮೂರು ಸಾಲು ಬರೆದರು. ಹುಡುಗನ ವಿವರ ಅಪೂರ್ಣ. ತಾಯಿಯ ಅಭಿಪ್ರಾಯ ಲಗತ್ತಿಸಿಲ್ಲ. ಅರ್ಜಿದಾರರು ಖುದ್ದು ಹಾಜರಾಗತಕ್ಕದ್ದು. ಬರೆದು, ಅದೇ ಕಾಗದವನ್ನು ಅಂಚೆಗೆ ಹಾಕಿದರು. ಅರ್ಧ ಸಿಟ್ಟು, ಅರ್ಧ ತಮಾಷೆ. ಬರುತ್ತಾಳೆ, ಎದುರು ನಿಂತು ಜಗಳ ತೆಗೆಯುತ್ತಾಳೆ, ಆಮೇಲೆ ಹೂಂ ಅಂದರಾಯಿತು ಎಂದುಕೊಂಡಿದ್ದರು. ಅವಳಿಗೆ ತಮಾಷೆಯ ಅರ್ಧ ಕಾಣಲೇ ಇಲ್ಲ. ಅವಳು ಬರಲಿಲ್ಲ, ಇವರು ಹೋಗಲಿಲ್ಲ, ಎರಡು ವರ್ಷ ಹಾಗೇ ಕಳೆದುಹೋಯಿತು.

ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂತು. ಕೆಳಗಡೆ ಸಣ್ಣ ಅಕ್ಷರದಲ್ಲಿ, ಬರಲಾಗದವರು ನೇರಪ್ರಸಾರ ನೋಡಬಹುದು ಎಂದು ಒಂದು ವಿಳಾಸವಿತ್ತು. ಆ ಸಾಲಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅದು ಮಗಳ ಕೈಯೆಂದು ಆರಾಧ್ಯರಿಗೆ ಗೊತ್ತು. ಹೆಂಡತಿ ವಿಮಲಮ್ಮ ಮನೆಗಿದ್ದ ಒಂದೇ ಒಳ್ಳೆಯ ಫೋನನ್ನು ಚೀಲಕ್ಕೆ ಹಾಕಿಕೊಂಡು ಹಿಂದಿನ ದಿನವೇ ಬಸ್ಸು ಹತ್ತಿದ್ದರು. ಅವಲಕ್ಕಿ ಡಬ್ಬಿಯಲ್ಲಿದೆ ಎಂದದ್ದು ಬಿಟ್ಟರೆ ಇನ್ನೊಂದು ಮಾತಿಲ್ಲ. ಜೊತೆಗೆ ಹೋಗಲು ಇವರಿಗೆ ಬಿಗುಮಾನ. ಪಕ್ಕದ ಮನೆಯವರ ಫೋನಿನಲ್ಲಿ ಸ್ವಂತ ಮಗಳ ಮದುವೆ ನೋಡುವುದೆಂದರೆ ಇನ್ನೂ ದೊಡ್ಡ ಅವಮಾನ. ಉಳಿದದ್ದು ವಾಚನಾಲಯ.

ವಾಚನಾಲಯದ ನಾಲ್ಕೂ ಕಂಪ್ಯೂಟರಿಗೆ ದ್ವಾರಪಾಲಕ ಎಂಬ ಕಾವಲಿನ ಕೃತಕ ಬುದ್ಧಿಯೊಂದನ್ನು ಕೂರಿಸಿದ್ದರು. ಪಹಣಿ, ಪರೀಕ್ಷೆಯ ಫಲಿತಾಂಶ, ಹವಾಮಾನ, ಇಂಥ ಹನ್ನೆರಡು ಜಾಲತಾಣ ಬಿಟ್ಟು ಬೇರೇನು ಒತ್ತಿದರೂ 'ಮನರಂಜನೆ, ಅವಕಾಶವಿಲ್ಲ' ಎಂದು ಅಡ್ಡ ನಿಲ್ಲುತ್ತಿತ್ತು. ಅಡಿಯಲ್ಲಿ, ಸಕಾರಣ ಮನವಿ ಬಂದರೆ ಪರಿಗಣಿಸಲಾಗುವುದು ಎಂಬ ಸಾಲು. ಅದು ಯಾರ ಮನವಿಯನ್ನೂ ಪರಿಗಣಿಸಿದ್ದಿಲ್ಲ. ಜವರಪ್ಪ ಹಿಂದೊಮ್ಮೆ ಹಿಂಬಾಗಿಲಿನಿಂದ ನುಗ್ಗಲು ಹೋಗಿ ಸಿಕ್ಕಿಬಿದ್ದಿದ್ದರು; ಆಗ ಗ್ರಂಥಪಾಲಕಿ ರತ್ನಪ್ರಭ ಒಂದು ತಿಂಗಳು ಅವರನ್ನು ಒಳಗೆ ಬಿಟ್ಟಿರಲಿಲ್ಲ. ಅಂದೇ ಜವರಪ್ಪನಿಗೆ ಜ್ಞಾನೋದಯವಾಯಿತಂತೆ, ಇನ್ನು ಮೇಲೆ ಮುಂಬಾಗಿಲೇ ಸರಿ ಎಂದು.

"ಯಾರಪ್ಪನಿಗೂ ಆಕ್ಷೇಪಣೆ ಎತ್ತೋಕಾಗದಂಥ ಅರ್ಜಿ ಬರೆಯುತ್ತೆ ಇದು," ಎಂದರು ಜವರಪ್ಪ. "ಯಾಕೆ ಹೇಳಿ? ನಿಮ್ಮ ಹದಿನಾರು ಆಕ್ಷೇಪಣೆ ಪುಸ್ತಕ ತಗೊಂಡು ಹೋಗಿದ್ನಲ್ಲ, ಅಷ್ಟನ್ನೂ ಇದಕ್ಕೆ ಓದಿಸಿದ್ದೀನಿ."

ಆರಾಧ್ಯರ ಎದೆ ಒಂದು ಗೇಣು ಉಬ್ಬಿತು. ತಪ್ಪು ಆಗಿದ್ದು ಅಲ್ಲೇ ಎಂದು ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಅರ್ಜಿ ಬರೆಯುವುದನ್ನು ಕಲಿಸಬೇಕಾದರೆ ಅರ್ಜಿಗಳನ್ನು ಓದಿಸಬೇಕು. ಇವರು ಓದಿಸಿದ್ದು ಆಕ್ಷೇಪಣೆಗಳನ್ನು.

ಜವರಪ್ಪ ಕ್ಯಾರಿಯರಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿದರು. ಮೊದಲ ಮನವಿಗೆ ಐದು ನಿಮಿಷ ಹಿಡಿಯಿತು. ಅದನ್ನು ಬರೆದು ಮುಗಿಸಿದ ಯಂತ್ರ ತಾನೇ ಒಂದು ಸಲ ಓದಿಕೊಂಡು, ದಿನಾಂಕದ ಕೆಳಗೆ ಸ್ಥಳ ನಮೂದಿಸಿಲ್ಲ ಎಂದು ತನಗೆ ತಾನೇ ಹಿಂದಿರುಗಿಸಿಕೊಂಡಿತು. ಎರಡನೆಯದನ್ನೂ ಹಾಗೇ ಮಾಡಿತು. ಮೂರನೆಯದು ಹೊರಟಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮದುವೆಯು ಮನರಂಜನೆಯಲ್ಲ ಎಂಬುದಕ್ಕೆ ಆಧಾರ ಒದಗಿಸಿ ಎಂದು ದ್ವಾರಪಾಲಕ ಉತ್ತರಿಸಿತು. ಯಂತ್ರ ಆ ಉತ್ತರವನ್ನೇ ಹಿಡಿದು, ಅದರಲ್ಲಿ ಕಡತದ ಸಂಖ್ಯೆ ಇಲ್ಲ ಎಂದು ವಾಪಸು ಕಳಿಸಿತು.

"ಶಹಬ್ಬಾಸ್," ಎಂದರು ಆರಾಧ್ಯರು, ಬಾಯಿ ತಪ್ಪಿ.

ದ್ವಾರಪಾಲಕನಿಗೆ ಇಂಥ ಗಿರಾಕಿ ಹಿಂದೆಂದೂ ಸಿಕ್ಕಿರಲಿಲ್ಲ. ಅದೂ ಕಲಿಯುವ ಬುದ್ಧಿಯೇ ತಾನೆ, ಕಲಿಯತೊಡಗಿತು. ಹನ್ನೊಂದರ ಹೊತ್ತಿಗೆ ಪಕ್ಕದ ಕಂಪ್ಯೂಟರಿನಲ್ಲಿ ಪಹಣಿ ತೆಗೆಯುತ್ತಿದ್ದ ರೈತನಿಗೆ, ಪಹಣಿ ಬೇಕೆಂಬುದಕ್ಕೆ ಪಹಣಿಯ ಪ್ರತಿ ಲಗತ್ತಿಸಿ ಎಂದಿತು. ಹಾಲ್ ಟಿಕೆಟ್ಟಿಗೆ ಬಂದಿದ್ದ ಹುಡುಗಿಗೆ, ಫೋಟೋದಲ್ಲಿ ನಗುತ್ತಿರುವ ಕಾರಣ ವಿವರಿಸಿ ಎಂದಿತು. ಕೋಣೆಯ ಫ್ಯಾನುಗಳೂ ಅದರ ಕೈಯಲ್ಲೇ ಇದ್ದವು. ಗಾಳಿ ಕೋರಿ ಯಾವುದೇ ಅರ್ಜಿ ಬಂದಿಲ್ಲವೆಂದು ಅವನ್ನೂ ನಿಲ್ಲಿಸಿತು. ರತ್ನಪ್ರಭ ಓಡಿಬಂದರು. ಜವರಪ್ಪನನ್ನು ಕಂಡೊಡನೆ ಅವರಿಗೆ ಎಲ್ಲ ಅರ್ಥವಾಯಿತು. ಅವರು ಬೈದದ್ದನ್ನು ಬರೆಯುವುದು ಬೇಡ. ಮಗಳ ಮದುವೆ ಎಂದು ಜವರಪ್ಪ ಕಿವಿಯಲ್ಲಿ ಹೇಳಿದ ಮೇಲೆ ಮಾತ್ರ ಮೆತ್ತಗಾಗಿ, ಆರಾಧ್ಯರ ಹಿಂದೆ ನಿಂತು ದಿನಪತ್ರಿಕೆಯಿಂದ ಗಾಳಿ ಬೀಸತೊಡಗಿದರು.

ಕೊನೆಗೆ ಯಂತ್ರ ಮದುವೆಯ ಕರೆಯೋಲೆಯನ್ನೇ ಆಧಾರವಾಗಿ ನಮೂದಿಸಿದ ಮೇಲೆ, ಹನ್ನೊಂದು ಇಪ್ಪತ್ತಕ್ಕೆ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. 'ಮನವಿಯನ್ನು ತಾತ್ಕಾಲಿಕವಾಗಿ ಮಾನ್ಯ ಮಾಡಿದೆ. ಜಾಲತಾಣ ತೆರೆಯುತ್ತಿದೆ.' ಒಂದು ಚೌಕ ಬೆಳಗಿತು. ಮಂಟಪದ ಬಾಳೆಕಂಬದ ತುದಿ ಕಂಡಿತು, ಓಲಗದ ತುಣುಕೊಂದು ಕೇಳಿಸಿತು. ಆರಾಧ್ಯರು ಆದೇಶವನ್ನು ಓದಿದರು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕಣ್ಣು ಮೊದಲು ಹೋದದ್ದು ಮಂಟಪಕ್ಕಲ್ಲ, ಆದೇಶದ ಕೆಳಗಿನ ಖಾಲಿ ಜಾಗಕ್ಕೆ.

"ಇದೇನ್ರೀ, ಆದೇಶಕ್ಕೆ ಸಹಿ ಇಲ್ಲ?" ಎಂದುಬಿಟ್ಟರು.

ಎರಡನೆಯ ಬಟ್ಟಲಿನ ಕಿವಿ ಚುರುಕಾಗಿತ್ತು. ಗುರುಗಳ ದನಿಯಲ್ಲಿ ಆಕ್ಷೇಪಣೆ ಕೇಳಿದ್ದೇ ತಡ, ಯಂತ್ರ ಅದನ್ನು ಅಚ್ಚುಕಟ್ಟಾಗಿ ಬರೆದು ದ್ವಾರಪಾಲಕನಿಗೆ ಕಳಿಸಿಯೇಬಿಟ್ಟಿತು. ದ್ವಾರಪಾಲಕ ಕ್ಷಮೆ ಕೋರಿ, ಸಹಿಯಿಲ್ಲದ ಆದೇಶವನ್ನು ಹಿಂಪಡೆದು, ಕಡತವನ್ನು ಮರುಪರಿಶೀಲನೆಗೆ ತೆಗೆದುಕೊಂಡಿತು. ಬಾಳೆಕಂಬ ಹೋಯಿತು, ಓಲಗ ನಿಂತಿತು.

"ಅಯ್ಯೋ ನಿಮ್ಮ!" ಎಂದು ಜವರಪ್ಪ ತಲೆಯ ಮೇಲೆ ಕೈ ಹೊತ್ತರು. "ತೆರೆದಿತ್ತಲ್ರೀ! ಸುಮ್ಮನೆ ನೋಡಬಾರದಾಗಿತ್ತೇನ್ರೀ?"

ಮರುಪರಿಶೀಲನೆ ಎಂದರೇನೆಂದು ಆ ಕೋಣೆಯಲ್ಲಿ ಆರಾಧ್ಯರಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಜವರಪ್ಪ ವೈರು ಎಳೆದು ಮತ್ತೆ ಚುಚ್ಚಿದರು, ಕ್ಯಾರಿಯರಿಗೆ ಎರಡೇಟು ಕೊಟ್ಟರು. ಗಡಿಯಾರ ತನ್ನ ಪಾಡಿಗೆ ನಡೆಯುತ್ತಿತ್ತು. ಹನ್ನೊಂದು ನಲವತ್ತಾಯಿತು. ಅಲ್ಲಿ ಯಾರೋ ಧಾರೆಯ ನೀರು ಬಿಟ್ಟಿರುತ್ತಾರೆ ಎಂದುಕೊಂಡರು ಆರಾಧ್ಯರು. ಅವರ ಬಲಗೈ ಮೇಜಿನ ಮೇಲೆ ಖಾಲಿಯಾಗಿ ಬಿದ್ದಿತ್ತು, ಅದನ್ನು ನೋಡುತ್ತ ಕೂತರು.

ಹನ್ನೆರಡು ಹೊಡೆದ ಮೇಲೆ ಮರುಪರಿಶೀಲನೆ ಮುಗಿಯಿತು. ದ್ವಾರಪಾಲಕ ಒಂದೇ ಪ್ರಶ್ನೆ ಕೇಳಿತ್ತು. 'ಅರ್ಜಿದಾರರು ವಧುವಿನ ತಂದೆ ಎಂದಿದೆ. ತಂದೆಯಾದವರು ಅಲ್ಲಿಗೆ ಹೋಗದೆ ಇಲ್ಲಿಂದ ನೋಡಬಯಸುವುದಕ್ಕೆ ಕಾರಣವೇನು?'

ಯಂತ್ರ ಉತ್ತರ ಬರೆಯಲು ಹೊರಟಿತು. ಬರೆಯಿತು, ಅಳಿಸಿತು, ಮತ್ತೆ ಬರೆಯಿತು. ಹದಿನಾರು ಪುಸ್ತಕದಲ್ಲಿ ಎಲ್ಲೂ ಇದಕ್ಕೆ ಮಾದರಿಯಿರಲಿಲ್ಲ. ಕೊನೆಗೆ, ಗುರುಗಳೇ ಹೇಳಬೇಕು ಎಂದು ಸುಮ್ಮನಾಯಿತು.

ಆರಾಧ್ಯರು ಕನ್ನಡಕ ತೆಗೆದರು. ಮಾನ್ಯರೇ ಎನ್ನಲಿಲ್ಲ, ವಿಷಯ ಉಲ್ಲೇಖ ಏನೂ ಹೇಳಲಿಲ್ಲ.

"ಹೋಗಬಹುದಾಗಿತ್ತು," ಎಂದರು. "ಬಸ್ಸಿತ್ತು. ನನಗೇನೂ ಕಾಯಿಲೆ ಇರಲಿಲ್ಲ. ಅವಳ ಕಾಗದದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಹುಡುಕೋದು ಬಿಟ್ಟು ಬೇರೆ ರೀತಿ ಓದೋದು ನನಗೆ ಬರ್ತಿರಲಿಲ್ಲ, ಅದೇ ಕಾರಣ. ಅವಳು ನಾಲ್ಕು ಪುಟ ಬರೆದಳು. ನಾನು ಮೂರು ಸಾಲು ಬರೆದೆ. ಅವತ್ತೇ ಬಸ್ಸು ಹತ್ತಬೇಕಾಗಿತ್ತು. ಇವತ್ತಾದರೂ ಹತ್ತಬೇಕಾಗಿತ್ತು."

ಯಂತ್ರ ಒಂದಕ್ಷರ ಆಕ್ಷೇಪಿಸದೆ ಬರೆದುಕೊಂಡು ಕಳಿಸಿತು. ರತ್ನಪ್ರಭ ಗಾಳಿ ಬೀಸುವುದನ್ನು ಮರೆತು ನಿಂತಿದ್ದರು. ಉತ್ತರ ತಕ್ಷಣ ಬಂತು, ಈ ಸಲ ಸಹಿಯ ಸಮೇತ. 'ಆಕ್ಷೇಪಣೆ ಇಲ್ಲ. ಮಂಜೂರು ಮಾಡಿದೆ. ಪ್ರತಿಯನ್ನು ಸಂಬಂಧಪಟ್ಟವರ ಅವಗಾಹನೆಗೆ ಕಳುಹಿಸಿದೆ.'

ಚೌಕ ಮತ್ತೆ ಬೆಳಗಿತು. ಮುಹೂರ್ತ ಮುಗಿದು ಹೋಗಿತ್ತು. ಅರ್ಧ ಜನ ಊಟದ ಪಂಕ್ತಿಗೆ ಹೋಗಿ, ಕುರ್ಚಿಗಳು ಖಾಲಿಯಿದ್ದವು. ವೇದಿಕೆಯ ಮೇಲೆ ಮಂದಾಕಿನಿ ಮತ್ತು ಅವಳ ಗಂಡ ಫೋಟೋಕ್ಕೆ ನಿಂತಿದ್ದರು. ಅವರ ಹಿಂದೆ, ವಧೂವರರ ಹೆಸರು ಮಿನುಗಬೇಕಿದ್ದ ಆಳೆತ್ತರದ ಪರದೆಯ ಮೇಲೆ, ತಾವು ಈಗಷ್ಟೇ ಹೇಳಿದ ಮಾತು ದಪ್ಪಕ್ಷರದಲ್ಲಿ ಓಡುತ್ತಿರುವುದನ್ನು ಆರಾಧ್ಯರು ಕಂಡರು. ಸಂಬಂಧಪಟ್ಟವರಿಗೆ ಪ್ರತಿ ಕಳಿಸುವುದು ಅವರದೇ ಕಟ್ಟುನಿಟ್ಟಿನ ಪದ್ಧತಿ. ಛತ್ರದಲ್ಲಿ ಉಳಿದಿದ್ದವರೆಲ್ಲ ಓದುತ್ತಿದ್ದರು. ವಿಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಧಾರೆ ಎರೆದಾಗ ನೆನೆದ ಶಲ್ಯವನ್ನು ಕೊಡವಿಕೊಳ್ಳುತ್ತ ಅವರ ತಮ್ಮ, ಹುಡುಗಿಯ ಸೋದರಮಾವ, ಪಕ್ಕದಲ್ಲಿ ನಿಂತಿದ್ದ.

ಮಂದಾಕಿನಿ ತಿರುಗಿ ನಿಂತು ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಬಗ್ಗಿ ಸೀರೆಯ ಡಬ್ಬಿಯೊಂದರ ಮುಚ್ಚಳ ಎತ್ತಿಕೊಂಡಳು. ತಟ್ಟೆಯಲ್ಲಿ ಕಲಸಿಟ್ಟಿದ್ದ ಕುಂಕುಮಕ್ಕೆ ಬೆರಳು ಅದ್ದಿ, ಮುಚ್ಚಳದ ಬಿಳಿಯ ಬೆನ್ನಿನ ಮೇಲೆ ನಿಧಾನವಾಗಿ ಬರೆದು, ಕ್ಯಾಮೆರಾದ ಎದುರು ಎತ್ತಿ ಹಿಡಿದಳು. ಅಕ್ಷರದಿಂದ ಕೆಂಪು ಇಳಿಯುತ್ತಿತ್ತು.

'ಅರ್ಜಿದಾರರು ಖುದ್ದು ಹಾಜರಾಗತಕ್ಕದ್ದು.'

ಆರಾಧ್ಯರು ಚಪ್ಪಲಿ ಹುಡುಕಿಕೊಂಡು ಎದ್ದರು. ದಾರಿಗಿರಲಿ ಎಂದು ಜವರಪ್ಪ ನಾಲ್ಕನೆಯ ಬಟ್ಟಲಿನ ಚಿತ್ರಾನ್ನವನ್ನು ಕಟ್ಟಿಕೊಟ್ಟರು. ಒಂದು ಗಂಟೆಯ ಬಸ್ಸು ಹಾಸನ ಮುಟ್ಟಿದಾಗ ಮೂರೂವರೆ. ಛತ್ರದಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮಗಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅಪ್ಪನಿಗೆಂದು ಒಂದು ಎಲೆಯ ಊಟ ತೆಗೆದಿಡಿಸಿದ್ದಳು, ತಾನೇ ಬಡಿಸಿದಳು. ಅಪ್ಪ ಉಂಡರು. ಎಲ್ಲ ಆಯಿತು. ಧಾರೆಯೊಂದನ್ನು ಮಾತ್ರ ಇನ್ನೊಂದು ಸಲ ಎರೆಯುವಂತಿರಲಿಲ್ಲ.

ಮನವಿಯಂತ್ರವನ್ನು ಜವರಪ್ಪನ ಹೆಂಡತಿ ಬೂದಿ ಹಾಕಿ ತಿಕ್ಕಿ ಮತ್ತೆ ಕ್ಯಾರಿಯರು ಮಾಡಿಕೊಂಡರು. ದ್ವಾರಪಾಲಕ ಮಾತ್ರ ಹಳೆಯ ದಾರಿಗೆ ಬರಲಿಲ್ಲ. ಆರಾಧ್ಯರ ಕಡತ ಅದರ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತ್ತು. ಈಗ ಬಿಳಿಗೆರೆ ವಾಚನಾಲಯದಲ್ಲಿ ಹವಾಮಾನ ನೋಡಲು ಹೋದರೆ, ಹೊರಗೆ ಹೋಗಿ ತಲೆಯೆತ್ತಿ ನೋಡತಕ್ಕದ್ದು ಎನ್ನುತ್ತದೆ. ಪಹಣಿ ಕೇಳಿದರೆ ಹೊಲಕ್ಕೆ ಹೋಗು ಎನ್ನುತ್ತದೆ. ದೂರದಿಂದಲೇ ಅದನ್ನು ರಿಪೇರಿ ಮಾಡಲು ನೋಡಿದ ಎಂಜಿನಿಯರಿಗೆ, ನಿಮ್ಮ ತಾಯಿಯನ್ನು ನೋಡಿ ಎಷ್ಟು ದಿನವಾಯಿತು ಎಂದು ಕೇಳಿತಂತೆ. ಆತ ಆಮೇಲೆ ಒಂದು ವಾರ ರಜೆ ಹಾಕಿದ.

ರತ್ನಪ್ರಭ ತಾಳ್ಮೆಗೆಟ್ಟು, ಅಂದು ಸಹಿಯ ಸಮೇತ ಬಂದ ಆ ಮಂಜೂರಾತಿ ಆದೇಶದ ಪ್ರತಿ ಮತ್ತು ಒಂದು ಕೆಂಪು ಪೆನ್ನನ್ನು ಆರಾಧ್ಯರ ಮುಂದೆ ತಂದಿಟ್ಟರು. ನೀವೇ ಇದಕ್ಕೊಂದು ಆಕ್ಷೇಪಣೆ ಬರೆದರೆ ದ್ವಾರಪಾಲಕನ ತಲೆಯಿಂದ ಈ ಕಡತವನ್ನು ಕಿತ್ತುಹಾಕಬಹುದು ಎಂದರು. ಆರಾಧ್ಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಪೆನ್ನಿನ ಮುಚ್ಚಳ ತೆಗೆಯದೆ ಹಿಂದಕ್ಕೆ ತಳ್ಳಿದರು.

"ಮೂವತ್ತನಾಲ್ಕು ವರ್ಷದಲ್ಲಿ ತಪ್ಪಿಲ್ಲದ ಆದೇಶ ಅಂತ ನಾನು ಕಂಡಿರೋದು ಇದೊಂದೇ ಕಣಮ್ಮ," ಎಂದರು. "ನನ್ನ ಕೈಗೆ ಬರೋದು ಒಂದರ್ಧ ಗಂಟೆ ತಡವಾಯ್ತು, ಅಷ್ಟೇ."