ಗಂಗಕ್ಕನಿಗೆ ರವಿವಾರದ ಪ್ರೇಮಪಾಠ

ಸಿನಿಮಾ ನೋಡುವಾಗ ಪ್ರೇಮಿಗಳ ವಿರುದ್ಧ ಇರುವ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಪಕ್ಕದ ಓಣಿಯ ಹುಡುಗನ ಜೊತೆ ಮಾತಾಡಿದಳೆಂದು ಮಗಳ ಕಾಲೇಜು ಬಿಡಿಸಿದ ತಂದೆಯೇ ಅದೇ ಸಂಜೆ ಟೀವಿಯ ಮುಂದೆ ಕೂತು ನಾಯಕಿಯ ಅಪ್ಪನಿಗೆ, "ಏ ಪಾಪಿ, ಆ ಕೂಸಿನ ಹೊಟ್ಟಿ ಯಾಕ ಉರಸ್ತೀಯೋ" ಎಂದು ಬೈಯುತ್ತಾನೆ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ, ಯಾಕೆಂದರೆ ಆ ಟೀವಿಗೆ ಸಿನಿಮಾ ಕಳಿಸಿದವನು ನಾನೇ. ಗಜೇಂದ್ರಗಡದಲ್ಲಿ ನನ್ನದು ಕೇಬಲ್ ದಂಧೆ. ದೊಡ್ಡ ಚಾನೆಲ್ಲುಗಳ ಜೊತೆಗೆ ನಮ್ಮದೇ ಒಂದು ಊರ ಚಾನೆಲ್ಲು ಇತ್ತು. ಅದರಲ್ಲಿ ಊರವರ ಮದುವೆ, ಜವಳ, ಹುಟ್ಟುಹಬ್ಬಗಳ ವಿಡಿಯೋ, ಬಟ್ಟೆ ಅಂಗಡಿಯ ಜಾಹೀರಾತು, ರವಿವಾರ ಮಧ್ಯಾಹ್ನ ಸಿಡಿ ಹಾಕಿ ಒಂದು ಸಿನಿಮಾ. ಜನ ಫೋನು ಮಾಡಿ ಕೇಳುತ್ತಿದ್ದುದು ಯಾವಾಗಲೂ ಪ್ರೀತಿಯ ಸಿನಿಮಾವನ್ನೇ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ನನ್ನ ಜೊತೆ ಕಂಬ ಹತ್ತಿ ವೈರು ಎಳೆಯುತ್ತಿದ್ದ ಶರಣು ಬೆಳವಣಕಿಯವನು. ಊರಿನವರ ಪಾಲಿಗೆ ಅವನು ನನ್ನ ದಂಧೆಯ ಜೊತೆಗಾರ, ಖರ್ಚು ಉಳಿಸಲು ನನ್ನ ಮನೆಯಲ್ಲೇ ಇರುವ ಗೆಳೆಯ. ನಮ್ಮಿಬ್ಬರ ಪಾಲಿಗೆ ನಾವು ಗಂಡ ಹೆಂಡಿರ ಹಾಗೆ ಸಂಸಾರ ಹೂಡಿದವರು. ಅಂದರೆ ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಮಾತು ಬಿಟ್ಟವರು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕೂಳು ಬಿಟ್ಟವರು. ಇಬ್ಬರು ಗಂಡಸರು ಒಂದು ಮನೆಯಲ್ಲಿದ್ದರೆ ನಮ್ಮ ಕಡೆ ಯಾರೂ ಸಂಶಯ ಪಡುವುದಿಲ್ಲ. ಪಾಪ, ಕೈ ಸುಟ್ಟುಕೊಳ್ಳುತ್ತವೆ ಎಂದು ನೆರೆಮನೆಯಿಂದ ಬಿಸಿ ರೊಟ್ಟಿ ಬರುತ್ತದೆ. ಮನೆಯಲ್ಲಿ ಎರಡು ಮಂಚ ಇದ್ದವು. ಒಂದರ ಮೇಲೆ ನಾವು, ಇನ್ನೊಂದರ ಮೇಲೆ ಸಿಡಿಗಳ ಡಬ್ಬಿ. ಬೀಗರು ಬಿಜ್ಜರು ಬರುತ್ತಾರೆಂದರೆ ಡಬ್ಬಿಗಳನ್ನು ಇಳಿಸಿ, ಚಾದರ ಹಾಸಿ, ದಿನಾ ಯಾರೋ ಮಲಗಿ ಎದ್ದಂತೆ ಕಾಣಲೆಂದು ಅದನ್ನು ಸ್ವಲ್ಪ ಮುದುಡಿಸಿ ಇಡುತ್ತಿದ್ದೆವು. ಆ ಮುದುಡಿಸುವ ಕಲೆಯಲ್ಲಿ ಶರಣು ನನಗಿಂತ ನಿಪುಣ.

ಅವನ ಅಕ್ಕ ಗಂಗಕ್ಕನನ್ನು ನಮ್ಮ ಊರಿಗೇ ಕೊಟ್ಟಿದ್ದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು. ಅವನಿಗೊಂದು ಮದುವೆ ಮಾಡದೆ ಸಾಯುವುದಿಲ್ಲ ಎಂದು ಹಟ ಹಿಡಿದವಳು. ಅವಳು ಹೆಣ್ಣು ತಂದಾಗಲೆಲ್ಲ ಶರಣುವಿನ ಬಳಿ ಒಂದು ನೆಪ ಸಿದ್ಧವಿರುತ್ತಿತ್ತು. ಒಮ್ಮೆ ಹೆಸರುಬಲ ಕೂಡಲಿಲ್ಲ. ಒಮ್ಮೆ ಒಳಪಂಗಡ ಬೇರೆ. ಅವೆರಡೂ ಸರಿಹೋದರೆ ಇವನು ಇಷ್ಟು ಬಂಗಾರ ಬೇಕು, ಮೋಟರ್‌ಸೈಕಲ್ ಬೇಕು ಎನ್ನುತ್ತಿದ್ದ. ಹೆಣ್ಣಿನವರು ಮುಂದಿಟ್ಟ ಅವಲಕ್ಕಿ ಮುಟ್ಟದೆ ಎದ್ದುಹೋಗುತ್ತಿದ್ದರು. ಭಾಷಣಗಳಲ್ಲಿ ಯಾವ ಯಾವ ಅನಿಷ್ಟ ಪದ್ಧತಿಗಳನ್ನು ತೊಲಗಿಸಬೇಕು ಎನ್ನುತ್ತಾರೋ, ಅವೆಲ್ಲವುಗಳ ಆಸರೆಯಲ್ಲಿ ನಮ್ಮ ಸಂಸಾರ ಸುಖವಾಗಿ ನಡೆದಿತ್ತು.

ಆದರೆ ನೆಪದ ಮೇಲೆ ಎಷ್ಟು ದಿನ ಬದುಕುವುದು? ಒಂದು ದಿನ ಹಿಂದಿ ಚಾನೆಲ್ಲಿನಲ್ಲಿ ಹೆಸರಾಂತ ನಟನೊಬ್ಬ ಸೋಫಾದ ಮೇಲೆ ಕೂತು, ಯಾರು ಯಾರನ್ನು ಪ್ರೀತಿಸಿದರೂ ಪ್ರೀತಿ ಪ್ರೀತಿಯೇ, ಕಾಲ ಬದಲಾಗಿದೆ ಎಂದು ಹೇಳಿದ. ಎದುರಿಗಿದ್ದ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಆ ನಟ ಬಾಡಿಗೆ ಮನೆ ಹುಡುಕಲು ಗಜೇಂದ್ರಗಡಕ್ಕೆ ಬರುವುದಿಲ್ಲ, ಗಂಗಕ್ಕನಂಥ ಅಕ್ಕನೂ ಅವನಿಗಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಹೊಳೆದದ್ದು ಇಷ್ಟೇ: ಗಂಗಕ್ಕನ ಮನಸ್ಸು ಮೆತ್ತಗೆ ಮಾಡುವ ಯಂತ್ರ ನನ್ನ ಕೈಯಲ್ಲೇ ಇದೆ. ಶಾಲೆಯಲ್ಲಿ ಅ ಆ ಇ ಈ ಕಲಿಸಿದ ಹಾಗೆ ಒಂದೊಂದೇ ರವಿವಾರ ಒಂದೊಂದೇ ಪಾಠ ಶುರುಮಾಡಿದೆ. ಮೊದಲು ಸಾಹುಕಾರನ ಮಗಳು ಆಳಿನ ಮಗನನ್ನು ಒಲಿಯುವ ಸಿನಿಮಾಗಳು. ಆಮೇಲೆ ಜಾತಿ ಬಿಟ್ಟು ಜಾತಿಯವು, ಆಮೇಲೆ ಧರ್ಮ ಬಿಟ್ಟು ಧರ್ಮದವು. ಗಂಗಕ್ಕ ಪ್ರತಿ ಸಲ ಮೂಗು ಸೀಟುತ್ತ ಫೋನು ಮಾಡಿ, "ಪ್ರೀತಿಗೆ ಜಾತಿ ಎಲ್ಲಿಂದು ಬಿಡೋ ಈರಣ್ಣಾ" ಎನ್ನುತ್ತಿದ್ದಳು. ಕೊನೆಯ ಮೆಟ್ಟಿಲಿಗೆ ಮಾತ್ರ ಸಿನಿಮಾ ಸಿಗಲಿಲ್ಲ. ಹುಡುಕಿದ ಕಡೆಯೆಲ್ಲ ನಮ್ಮಂಥವನು ಕೈ ತಿರುವುತ್ತ, ಸೊಂಟ ಕುಣಿಸುತ್ತ ಬಂದು, ನಾಯಕನ ಕೈಯಲ್ಲಿ ಏಟು ತಿಂದು ಓಡಿಹೋಗುತ್ತಿದ್ದ. ಅಂಥದ್ದೊಂದನ್ನು ಧೈರ್ಯ ಮಾಡಿ ಹಾಕಿಯೂ ನೋಡಿದೆ. ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು, ಇನ್ನೊಮ್ಮೆ ಹಾಕೆಂದು ಬಹಳ ಫೋನು ಬಂದವು.

ಆ ವರ್ಷ ಮಳೆಗಾಲದಲ್ಲಿ ದಿಲ್ಲಿಯ ಹೈಕೋರ್ಟು, ವಯಸ್ಸಿಗೆ ಬಂದ ಇಬ್ಬರು ಗಂಡಸರು ಒಪ್ಪಿ ಮನೆಯೊಳಗೆ ಹೇಗಿದ್ದರೂ ಅದು ಅಪರಾಧವಲ್ಲ ಎಂದಿತು. ಸುದ್ದಿ ಬಂದ ಹೊತ್ತಿಗೆ ನಮ್ಮೂರಲ್ಲಿ ಕರೆಂಟು ಹೋಗಿತ್ತು. ನನ್ನ ಕೇಬಲ್ ಕೋಣೆಗೆ ಇನ್ವರ್ಟರ್ ಇದ್ದುದರಿಂದ ನಾನೊಬ್ಬ ನೋಡಿದೆ. ಬಣ್ಣಬಣ್ಣದ ಬಾವುಟ ಹಿಡಿದು ಹುಡುಗರು ಕುಣಿಯುತ್ತಿದ್ದರು. ಆ ಕುಣಿತವನ್ನು ನಾನು ಇಡೀ ಊರಿಗೆ ಕಳಿಸುತ್ತಿದ್ದೆ, ಇಡೀ ಊರಿನ ಟೀವಿಗಳು ಸತ್ತು ಕೂತಿದ್ದವು. ಅಷ್ಟರಲ್ಲಿ ಶರಣು ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ, ನಿಂತು ನೋಡಿದ.

"ಅಂದ್ರ ಇಷ್ಟ ದಿನ ನಾವು ಕಳ್ಳರಿದ್ವೇನು?" ಎಂದ.

"ಹೌದು. ಇವತ್ತಿನಿಂದ ಅಲ್ಲ."

"ಹಂಗಾರ ಅಕ್ಕಗ ಹೇಳೂಣು?"

"ತಡಿ," ಎಂದೆ ನಾನು, "ಇನ್ನೊಂದ ನಾಕ ಸಿನಿಮಾ ಆಗ್ಲಿ."

ಸಂಜೆ ಕರೆಂಟು ಬಂದ ಮೇಲೆ ಗಂಗಕ್ಕನೂ ಸುದ್ದಿ ನೋಡಿದಳು. ಫೋನು ಬಂತು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಪಾಪ, ಅವರ ಅವ್ವಾರು ಎಷ್ಟ ಅತ್ತಿರಬೇಕೋ ಈರಣ್ಣಾ. ಯಾರರ ಹಿರೇರು ಕುಂದ್ರಿಸಿ ತಿಳಿಸಿ ಹೇಳಿ, ಚಲೋ ಹೆಣ್ಣ ನೋಡಿ ಮದುವಿ ಮಾಡಬಾರದಾ?" ಎಂದಳು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಕನಿಕರಕ್ಕೆ ಹೂಂ ಎಂದು ಫೋನಿಟ್ಟು, ಮುಂದಿನ ರವಿವಾರದ ಸಿಡಿ ಹುಡುಕತೊಡಗಿದೆ.

ಪಾಠ ಮುಗಿಯುವ ಮೊದಲೇ ಒಂದು ಮುಂಜಾನೆ ಗಂಗಕ್ಕ ಮನೆಗೆ ಬಂದಳು. ಮುಖ ಅರಳಿತ್ತು.

"ಈರಣ್ಣಾ, ನಿನ್ನ ಸಿನಿಮಾ ನನ್ನ ಕಣ್ಣ ತೆರಸಿದ್ವು ನೋಡಪಾ. ಇಷ್ಟ ವರ್ಷ ನಾ ಕುರುಡಿ ಆಗಿದ್ದೆ. ಶರಣು ಯಾಕ ಒಲ್ಲೆ ಅಂತಾನ ಅಂತ ನನಗ ಈಗ ತಿಳೀತು."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಶರಣು ಒಳಗಿನಿಂದ ಹೊರಗೆ ಬಂದ.

"ನಾವು ಹಿರೇರಾದವರು ಜಾತಿ, ಹೆಸರಬಲ, ರೊಕ್ಕ ಅಂತ ಹುಡುಗರ ಜೀವಾ ತಿಂತೀವಿ. ಇವೆಲ್ಲಾ ದೊಡ್ಡವೋ, ಪ್ರೀತಿ ದೊಡ್ಡದೋ?"

"ಪ್ರೀತೀನ ದೊಡ್ಡದ ಅಕ್ಕಾ," ಎಂದೆ.

"ಅದಕ್ಕ ನಾ ಗಟ್ಟಿ ಮನಸ ಮಾಡೀನಿ. ನರಗುಂದದಾಗ ಒಂದ ಹುಡುಗಿ ಅದಾಳ. ಒಳಪಂಗಡ ಬ್ಯಾರೆ, ಇರ್ಲಿ! ಹೆಸರಬಲ ಕೇಳಾಕ ಹೋಗಂಗಿಲ್ಲ. ಒಂದ ಪೈ ವರದಕ್ಷಿಣಿ ಬ್ಯಾಡ ಅಂತ ಹೇಳಿ ಬಂದೀನಿ. ನನಗ ಬೇಕಾಗಿದ್ದು ಬರೇ ಪ್ರೀತಿ."

ಹೀಗೆ ನಾನು ರವಿವಾರ ತಪ್ಪದೆ ಪಾಠ ಹೇಳಿ, ಶರಣುವಿನ ನೆಪಗಳನ್ನೆಲ್ಲ ನನ್ನ ಕೈಯಾರೆ ಕಿತ್ತು ಹಾಕಿದ್ದೆ. ಅಂಥ ಒಳ್ಳೆಯ ವಿದ್ಯಾರ್ಥಿನಿ ಯಾವ ಮಾಸ್ತರನಿಗೂ ಸಿಕ್ಕಿರಲಿಕ್ಕಿಲ್ಲ. ಅವಳು ಹೋದ ಮೇಲೆ, ಒಲ್ಲೆ ಎಂದುಬಿಡು ಎಂದು ಶರಣುವಿಗೆ ಹೇಳಿದೆ. "ಒಲ್ಲೆ ಅಂದ್ರ ಯಾಕ ಅಂತ ಕೇಳ್ತಾಳ. ಯಾಕ ಅನ್ನೂದನ್ನ ನೀ ಹೇಳ್ತಿ?" ಎಂದ. ನಾನು ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೇಳಿದರೆ ಊರೆಲ್ಲ ವೈರು ಕಿತ್ತು ಕೈಗೆ ಕೊಡುತ್ತಿತ್ತು. ಗಂಗಕ್ಕ ಹಾಸಿಗೆ ಹಿಡಿಯುತ್ತಿದ್ದಳು. ದಿಲ್ಲಿಯ ಕೋರ್ಟು ನಮ್ಮನ್ನು ಜೈಲಿಗೆ ಹಾಕುವುದಿಲ್ಲ ಎಂದಿತ್ತೇ ಹೊರತು, ಗಂಗಕ್ಕನ ಮುಂದೆ ನಿಂತು ಮಾತಾಡಲು ವಕೀಲರನ್ನೇನೂ ಕಳಿಸಿರಲಿಲ್ಲ. ಎಲ್ಲಕ್ಕಿಂತ ಸಂಕಟವಾದದ್ದು ಆ ಹುಡುಗಿಯನ್ನು ನೆನೆದು. ವರದಕ್ಷಿಣೆ ಬೇಡವೆಂದ ಮನೆ ಸಿಕ್ಕಿತೆಂದು ಅವಳು ಅಲ್ಲಿ ಹಿಗ್ಗುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಮದುವೆ ನರಗುಂದದಲ್ಲಾಯಿತು. ವಿಡಿಯೋ ತೆಗೆಯುವವನು ನಾನೇ, ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕು ಎಂದು ಗಂಗಕ್ಕನ ವಾದ. ನಾಲ್ಕು ಮೂಲೆಯ ತಂಬಿಗೆಗಳಿಗೆ ನೂಲಿನ ಸುರಗಿ ಸುತ್ತುವುದರಿಂದ ಹಿಡಿದು ಅಕ್ಕಿಕಾಳು ಬೀಳುವ ತನಕ ಕ್ಯಾಮೆರಾ ಹಿಡಿದು ನಿಂತಿದ್ದೆ. ಕ್ಯಾಮೆರಾದಲ್ಲಿ ಒಂದು ಅನುಕೂಲವಿದೆ, ಅದರ ಹಿಂದೆ ಒಂದು ಕಣ್ಣು ಯಾವಾಗಲೂ ಮುಚ್ಚಿರಬೇಕು, ಮುಖ ಅರ್ಧ ಮರೆಯಾಗಿರಬೇಕು. ಶರಣುವಿನ ಮಾವನವರಿಗೆ ಗಂಡುಮಕ್ಕಳಿರಲಿಲ್ಲ. ಅವರ ಕಾಳಿನ ದಲಾಲಿ ಅಂಗಡಿ ನೋಡಿಕೊಳ್ಳಲು ಶರಣು ನರಗುಂದದಲ್ಲೇ ಉಳಿಯುವುದೆಂದಾಯಿತು. ಅವನ ಸಾಮಾನು ಒಯ್ಯಲು ಬಂದ ಟ್ರಾಲಿಯಲ್ಲಿ ಅವನ ಮಂಚವೂ ಹೋಯಿತು. ಸಿಡಿಗಳ ಡಬ್ಬಿ ಇಳಿಸಿ ನಾನೇ ಎತ್ತಿಕೊಟ್ಟೆ. ಅದರ ಮೇಲೆ ಅವನು ಒಂದು ದಿನವೂ ಮಲಗಿದವನಲ್ಲ.

ಮುಂದಿನ ರವಿವಾರ ಸಿನಿಮಾದ ಬದಲು ಮದುವೆಯ ವಿಡಿಯೋ ಹಾಕಬೇಕು, ಹಿಂದೆ ಪ್ರೀತಿಯ ಹಾಡು ಇರಬೇಕು ಎಂದು ಗಂಗಕ್ಕನ ಅಪ್ಪಣೆಯಾಯಿತು. ಹಾಕಿದೆ. ಹಾಡುಗಳನ್ನು ಆರಿಸುವುದು ಕಷ್ಟವಾಗಲಿಲ್ಲ, ಶರಣುವಿಗೆ ಯಾವುದು ಇಷ್ಟವೆಂದು ನನಗೆ ಗೊತ್ತಿತ್ತು. ಮುಗಿಯುವ ಹೊತ್ತಿಗೆ ಫೋನು ಬಂತು.

"ಏನ ವಿಡಿಯೋ ತಗದಿಯೋ ಈರಣ್ಣಾ? ಇಷ್ಟೊತ್ತು ಕುಂತ ನೋಡೀನಿ, ಬರೇ ನಮ್ಮ ಶರಣೂನ ಮಾರೀನ ಕಾಣತೈತಿ. ಮದುಮಗಳ ಎಲ್ಲಿ? ಅಲ್ಲೊಂದ ಕೈ, ಇಲ್ಲೊಂದ ಸೆರಗು!"

ಅಲ್ಲಿಯತನಕ ನನಗೂ ಅದು ಗೊತ್ತಾಗಿರಲಿಲ್ಲ. "ಹೌದ ಅಕ್ಕಾ," ಎಂದೆ, "ನನಗ ಕ್ಯಾಮೆರಾ ಹಿಡ್ಯಾಕ ಬರಂಗಿಲ್ಲ."

ಅವಳಿಗೆ ನನ್ನ ಮೇಲೆ ಮರುಕ ಬಂತು. "ಹೋಗ್ಲಿ ಬಿಡು, ಮನಸಿಗೆ ಹಚ್ಕೋಬ್ಯಾಡ. ನಿನಗೂ ಒಂದ ಹೆಣ್ಣ ನೋಡೀನಿ. ನಿನ್ನ ಮದುವ್ಯಾಗ ಶರಣೂಗ ಕ್ಯಾಮೆರಾ ಹಿಡಿ ಅಂತೀನಿ. ಅಂವ ಚಲೋ ತಗೀತಾನ."

ಆಮೇಲೆ, ವಿಡಿಯೋ ಇನ್ನೊಮ್ಮೆ ಹಾಕು ಎಂದಳು. ಹಾಕಿದೆ. ಊರಿನವರ ಜೊತೆ ಕೂತು ನಾನೂ ಇನ್ನೊಮ್ಮೆ ನೋಡಿದೆ.