ಫ್ಯಾನಿನ ರೆಕ್ಕೆಯ ಮೇಲೆ ಕಾಕಾನ ಹೆಸರು

ನಮ್ಮ ಕಾಕಾನನ್ನು ಸಿಟ್ಟಿಗೆಬ್ಬಿಸುವುದು ಬಹಳ ಸುಲಭ. ಬೈಯಬೇಕಿಲ್ಲ, "ನೀವು ದೊಡ್ಡ ದಾನಿಗಳ್ರಿ" ಎಂದರೆ ಸಾಕು! ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಅವರದು ಅಂಗಡಿ. ಕೊಡುವಾಗ ಅವರ ಕೈ ಹಿಡಿಯುವವರಿಲ್ಲ, ಹೊಗಳಿದಾಗ ಅವರ ಬಾಯಿ ಹಿಡಿಯುವವರಿಲ್ಲ.

"ದಾನಶೂರ ಅಂದ್ರ ನಿಮಗೇನು ತ್ರಾಸ, ಕಾಕಾ?" ಎಂದು ಅವರ ಅಣ್ಣನ ಮಗಳಾದ ನಾನು ಒಮ್ಮೆ ಕೇಳಿದೆ.

"ನಿಮ್ಮ ಕಾಕೂಗ ಹೆದರಾಂವ ನಾ. ಎಲ್ಲಿ ಶೂರ?"

"ಹಂಗಾರ ದೇಣಗೀದಾರ?"

"ಜಹಗೀರದಾರನ ತಮ್ಮ ಅನಸ್ತೈತಿ."

"ಮಹಾಪೋಷಕ?"

"ಯಾರನ್ನ ಪೋಷಣಾ ಮಾಡೇನಿ? ಅವರೇನು ಎಮ್ಮಿಕರಾ ಏನ? ನಾ ಹಮಾಲ, ತಂಗಿ. ದೇವರ ಮಾಲು ಇಲ್ಲಿಂದ ಎತ್ತಿ ಅಲ್ಲಿ ಇಡ್ತೇನಿ, ಅಷ್ಟ!"

ಎದುರಿಗೆ ನಕ್ಕೆ. ಒಳಗೆ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ?

ಇಂಥವರು ಹೋದ ವರ್ಷ ಮಿರಜದ ಒಂದು ಮಠದ ಊಟದ ಮನೆಗೆ ನಾಲ್ಕು ಫ್ಯಾನು ಕೊಡಿಸಿದರು. ಮಠದವರು ಸುಮ್ಮನಿರುತ್ತಾರೆಯೇ? ವಾಡಿಕೆಯಂತೆ ಪ್ರತಿ ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ 'ದಾನಿಗಳು' ಎಂದು ಬರೆಸಿ, ಮುಂದೆ ಕಾಕಾನ ಹೆಸರು ಹಾಕಿಸಿದರು! ಕಾಕಾ ಕಂಗಾಲಾದರು, ಆಮೇಲೆ ಉಪಾಯ ಹೂಡಿದರು. "ಫ್ಯಾನ್ ಬಂದ್ ಮಾಡಬ್ಯಾಡ್ರಿ!" ತಿರುಗುತ್ತಿದ್ದರೆ ಯಾರು ಓದುತ್ತಾರೆ? ಡಿಸೆಂಬರಿನ ಚಳಿಯಲ್ಲೂ ಫ್ಯಾನು ಗಿರಗಿರ ತಿರುಗಿದವು. ಭಕ್ತರು ಶಾಲು ಹೊದ್ದು ನಡುಗುತ್ತಾ ಹುಗ್ಗಿ ಉಂಡರು. ಕಡೆಗೆ ಸ್ವಾಮಿಗಳಿಗೇ ನೆಗಡಿ ಹಿಡಿದು ಸ್ವಿಚ್ಚು ಆರಿಸಬೇಕಾಯಿತು.

ಮರುದಿನವೇ ಕಾಕಾ, ಅರವತ್ತೆಂಟರ ವಯಸ್ಸಿನಲ್ಲಿ, ಸೀಮೆಎಣ್ಣೆಯ ಅರಿವೆ ಹಿಡಿದು ಏಣಿ ಹತ್ತಿದರು. ಮೂರು ಫ್ಯಾನು ಸ್ವಚ್ಛವಾದವು. ನಾಲ್ಕನೆಯದಕ್ಕೆ ಏಣಿ ಜಾರಿ ತೊಡೆಯ ಎಲುಬು ಮುರಿಯಿತು.

ಮಿರಜದಲ್ಲೇ ಆಪರೇಶನ್. ರಕ್ತ ಬಹಳ ಹೋಗಿತ್ತು, ಜೀವಕ್ಕೇ ಕುತ್ತು. ಡಾಕ್ಟರು ಹೊರಗೆ ಬಂದು, "ತಡಾ ಮಾಡಬ್ಯಾಡ್ರಿ, ಇವರ ರಕ್ತದ ಗುಂಪಿನ ದಾನಿ ಬೇಕು" ಎಂದರು. ಆ ಪದ ಕೇಳಿ ನನಗೆ ನಗು ಬಂತು, ಕಾಕೂನ ಮುಖ ನೋಡಿ ಅಳು ಬಂತು.

ಮರುದಿನ ಬೆಳಿಗ್ಗೆ ಕಾಕಾ ಕಣ್ಣು ತೆರೆದರು. ತೆರೆದವರದು ಒಂದೇ ಹಟ: "ರಗತ ಕೊಟ್ಟಾವರು ಯಾರು? ಹೆಸರು ಹೇಳ್ರಿ, ಕೈ ಮುಗಿತೇನಿ."

"ಹೆಸರು ಹೇಳಬ್ಯಾಡ್ರಿ ಅಂದಾರ್ರಿ" ಎಂದಳು ನರ್ಸು.

"ಎಂಥಾ ಹಟಮಾರಿ ಮಂದಿ!" ಎಂದು ಕಾಕಾ ಗೊಣಗಿದರು. ಯಾರು ಯಾರಿಗೆ ಹೇಳುವ ಮಾತು ನೋಡಿ!

ನೀರು ಕುಡಿಸಲು ಬಗ್ಗಿದೆ. ಸೆರಗು ಸರಿದು, ನನ್ನ ತೋಳಿಗೆ ಪಟ್ಟಿ ಹಾಕಿ ಅಂಟಿಸಿದ್ದ ಹತ್ತಿ ಅವರ ಕಣ್ಣಿಗೆ ಬಿತ್ತು. ಜನ್ಮದಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ನೀರು ಕಂಡೆ. ಕೈ ಚಾಚಿ ನನ್ನ ಸೆರಗನ್ನು ತೋಳಿನ ಮೇಲೆ ಎಳೆದರು.

"ಮುಚ್ಚಿಕೋ, ಮಗಳ. ಮಠದವರು ಕಂಡ್ರ ನಿನ್ನ ಹೆಸರೂ ಫ್ಯಾನಿಗೆ ಬರದಾರು!"